ಕುದುರೆ ಎಣಿಸುವ ಮೊದಲು ಕಂತು ಎಣಿಸಿ



ಈ ತಿಂಗಳು ಟೊಮೆಟೊ ಬೆಲೆಯ ಬಗ್ಗೆಯೋ ಅರಿಶಿನದ ಬೆಲೆಯ ಬಗ್ಗೆಯೋ ಬರೆಯಬೇಕೆಂದು ಕುಳಿತವನು ಒಂದು ಗಾಡಿಯ ಬಗ್ಗೆ ಬರೆಯುತ್ತಿದ್ದೇನೆ. ಅದೂ ನಮ್ಮ ದೇಶದ ಅಂಗಡಿಯಲ್ಲಿ ಸಿಗದ ಗಾಡಿ. ‘ಇವನಿಗೇನು ತಲೆ ಕೆಟ್ಟಿದೆಯೇ, ಇಲ್ಲದ ಗಾಡಿಯ ಚಿಂತೆ ನಮಗೇಕೆ’ ಎನ್ನಬೇಡಿ. ಕೊನೆಯವರೆಗೆ ಓದಿ. ಆ ಗಾಡಿ ನಮ್ಮೂರಿಗೆ ಬಂದಿಲ್ಲ, ನಿಜ. ಆದರೆ ಅದರ ಆಸೆ ಬಂದಿದೆ. ಆಸೆಯ ಹಿಂದೆಯೇ ಸಾಲದ ಅರ್ಜಿ ಬಂದಿದೆ. ಅರ್ಜಿಯ ಹಿಂದೆ ಏನು ಬರುತ್ತದೆ ಎಂಬುದನ್ನು ನಿಮಗೆ ನಾನು ಹೇಳಿಕೊಡಬೇಕೆ?

ನಮ್ಮ ಉಮ್ಮತ್ತೂರಿನ ಟೀ ಅಂಗಡಿ ಮುಂದೆ ಸಂಜೆ ಹೊತ್ತು ಹತ್ತಾರು ಹುಡುಗರು ಸೇರುತ್ತಾರೆ. ಎಲ್ಲರೂ ರೈತರ ಮಕ್ಕಳೇ. ಮೊದಲು ಕ್ರಿಕೆಟ್ ಮಾತಾಡುತ್ತಿದ್ದರು, ಈಗ ಗಾಡಿ ಮಾತಾಡುತ್ತಾರೆ. ಮೊನ್ನೆ ನನ್ನ ತಮ್ಮನ ಮಗ ಮೊಬೈಲು ಮುಂದೆ ಹಿಡಿದು, ‘ನೋಡು ದೊಡ್ಡಪ್ಪ, ಸಾವಿರದ ಇಪ್ಪತ್ತೈದು ಹೆಚ್.ಪಿ. ಅದ ಇದ್ಕೆ! ನಾಲ್ಕು ಚಕ್ರಕ್ಕೂ ಒಂದೊಂದು ಮೋಟ್ರು. ಡೀಸೆಲ್ಲೇ ಬ್ಯಾಡ ಕನ’ ಅಂದ. ನೋಡಿದೆ. ಅಮೆರಿಕದ ರಿವಿಯನ್ ಎಂಬ ಕಂಪನಿಯ ಆರ್1ಟಿ ಎಂಬ ಪಿಕಪ್. 2021ರಲ್ಲಿ ಮೊದಲು ಮಾರಾಟಕ್ಕೆ ಬಂತು, 2025ರಲ್ಲಿ ಈ ಹೊಸ ನಾಲ್ಕು ಮೋಟಾರಿನದು ಬಂತು. ನಿಂತಲ್ಲಿಂದ ಗಂಟೆಗೆ 96 ಕಿಲೋಮೀಟರ್ ವೇಗ ಹಿಡಿಯಲು ಎರಡೂವರೆ ಸೆಕೆಂಡು ಸಾಕಂತೆ. ಕಲ್ಲು ಹತ್ತುತ್ತದೆ, ಹಳ್ಳ ದಾಟುತ್ತದೆ, ಕೆಸರಿನಲ್ಲಿ ನಿಂತ ಜಾಗದಲ್ಲೇ ಬುಗುರಿಯ ಹಾಗೆ ತಿರುಗುತ್ತದೆ. ಅದರ ಕಂಪನಿಯ ಎಂಜಿನಿಯರಿಂಗ್ ಕಚೇರಿ ನಮ್ಮ ಬೆಂಗಳೂರಲ್ಲೂ ಇದೆ ಎಂದು ಹುಡುಗ ಹೆಮ್ಮೆಯಿಂದ ಹೇಳಿದ.

ಹುಡುಗ ಸುಮ್ಮನೆ ನೋಡಿ ಖುಷಿಪಟ್ಟಿದ್ದರೆ ನಾನೂ ಖುಷಿಪಡುತ್ತಿದ್ದೆ. ವಯಸ್ಸಿನ ಹುಡುಗರು ಗಾಡಿ ನೋಡದೆ ಪಂಚಾಂಗ ನೋಡುತ್ತಾರೆಯೇ? ಆದರೆ ಸಾವಿರ ಕುದುರೆ ನೋಡಿದ ಕಣ್ಣಿಗೆ ಮನೆಯ ಮುಂದಿನ ಎಪ್ಪತ್ತು ಎಂಬತ್ತು ಹೆಚ್.ಪಿ.ಯ ಪಿಕಪ್ಪು ಕತ್ತೆಯಂತೆ ಕಾಣತೊಡಗಿದೆ. ‘ಅದು ಇಲ್ಲಿಗೆ ಬರೋಗಂಟ ಈಗ ಸಿಗೋ ದೊಡ್ಡ ಡಬ್ಬಲ್ ಕ್ಯಾಬಿನ್ ಪಿಕಪ್ ಒಂದ ತಕ್ಕಳವ, ಬಾಡಿಗೆಗೂ ಬುಡಬೌದು’ ಎಂದು ಅವನ ಲೆಕ್ಕ. ಅಂಥದರ ಬೆಲೆ ಹಲವು ಲಕ್ಷ. ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೋಟಾ ಹೈಲಕ್ಸ್ 2022ರಲ್ಲಿ ಮಾರಾಟಕ್ಕೆ ಬಂದಾಗ ಆರಂಭದ ಬೆಲೆ 33 ಲಕ್ಷ 99 ಸಾವಿರ. ಹುಡುಗನ ಹೆಸರಿನಲ್ಲಿರುವುದು ಎರಡೂವರೆ ಎಕರೆ. ಒಂದು ಫೈನಾನ್ಸಿನ ಅರ್ಜಿ ಆಗಲೇ ಮನೆಗೆ ಬಂದಿದೆ. ಜೊತೆಗೆ ಪಹಣಿಯ ನಕಲು ತೆಗೆಸಿ ಇಟ್ಟಿದ್ದಾನೆ. ಆದುದರಿಂದ ಈ ಲೇಖನ.

ಮೊದಲು ಈ ಗಾಡಿಯ ಅಭಿಮಾನಿಗಳು ಹೇಳುವುದನ್ನು ನ್ಯಾಯವಾಗಿ ಕೇಳೋಣ. ಕೇಳದೆ ಬಯ್ಯುವುದು ನಮ್ಮ ಕ್ರಮವಲ್ಲ.

ಅವರ ಮೊದಲ ಮಾತು ಎಳೆತದ್ದು. ಡೀಸೆಲ್ ಎಂಜಿನ್ನು ಸ್ವಲ್ಪ ಓಡಿ ಬಿಸಿಯಾಗಿ ಮೇಲೆ ಬಂದ ಮೇಲೆ ಅದರ ಪೂರ್ತಿ ಎಳೆತ ಸಿಗುತ್ತದೆ. ಕರೆಂಟು ಮೋಟಾರು ಹಾಗಲ್ಲ, ನಿಂತ ಜಾಗದಿಂದಲೇ ಪೂರ್ತಿ ಎಳೆಯುತ್ತದೆ. ಇದು ನಿಜ. ಎರಡನೆಯದು ರಿಪೇರಿ. ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಪ್ಲೇಟ್ ಇಲ್ಲ, ಡೀಸೆಲ್ ಫಿಲ್ಟರ್ ಇಲ್ಲ. ಸವೆಯುವ ಸಾಮಾನು ಕಡಮೆ. ಇದೂ ನಿಜ. ಮೂರನೆಯದು, ಗಾಡಿಯ ಬ್ಯಾಟರಿಯಿಂದಲೇ ಬಲ್ಬು ಉರಿಸಬಹುದು, ಡ್ರಿಲ್ಲು ಗರಗಸ ಓಡಿಸಬಹುದು. ಕರೆಂಟು ಹೋದಾಗ ಮನೆಗೇ ದೀಪ ಕೊಡುವ ಪಿಕಪ್ಪುಗಳೂ ಅಮೆರಿಕದಲ್ಲಿವೆ. ಇದು ನನಗೂ ಬಹಳ ಹಿಡಿಸಿತು. ನಾಲ್ಕನೆಯದು, ಹೊಗೆ ಇಲ್ಲ, ಸದ್ದಿಲ್ಲ. ಒಳ್ಳೆಯದೇ.

ಕೊಂಡವರ ತಕರಾರೂ ಇದೆ. ಗಾಡಿಯ ಭಾರಕ್ಕೂ ಎಳೆತಕ್ಕೂ ಟೈರು ಬೇಗ ಸವೆಯುತ್ತದೆ. ಹಿಂದೆ ದೊಡ್ಡ ಟ್ರೇಲರ್ ಕಟ್ಟಿ ಎಳೆದರೆ ಒಂದು ಚಾರ್ಜಿಗೆ ಓಡುವ ದೂರ ಹೆಚ್ಚುಕಡಮೆ ಅರ್ಧಕ್ಕೆ ಇಳಿಯುತ್ತದೆ. ಇದನ್ನು ಅಮೆರಿಕದ ವಾಹನ ಪತ್ರಿಕೆಗಳೇ ಇಂಥ ಪಿಕಪ್ಪುಗಳನ್ನು ಓಡಿಸಿ ನೋಡಿ ಬರೆದಿವೆ.

ಆದರೆ ಗಮನಿಸಿ. ಈ ಹೊಗಳಿಕೆ, ಈ ತಕರಾರು ಎರಡರಲ್ಲೂ ಇಲ್ಲದ ಒಂದು ಪ್ರಶ್ನೆ ಇದೆ. ಈ ಗಾಡಿ ಎಷ್ಟು ಮೂಟೆಯನ್ನು ಎಷ್ಟು ಖರ್ಚಿಗೆ ಮಂಡಿಗೆ ಮುಟ್ಟಿಸುತ್ತದೆ? ಮುಟ್ಟಿಸಿ ಬಂದ ಮೇಲೆ ಮಾಲೀಕನ ಜೇಬಿನಲ್ಲಿ ಏನು ಉಳಿಯುತ್ತದೆ? ಇದನ್ನು ಯಾರೂ ಕೇಳುವುದಿಲ್ಲ. ಯಾಕೆ ಕೇಳಬೇಕು? ಅವರಿಗೆ ಅದು ಆಟದ ಸಾಮಾನು. ಭಾನುವಾರ ರಸ್ತೆ ಬಿಟ್ಟು ಕೆಸರು ಹುಡುಕಿಕೊಂಡು ಹೋಗುವ ಜನ ಅವರು. ನಮಗೆ ಕೆಸರು ಹುಡುಕಬೇಕಾದ ಕಷ್ಟವಿಲ್ಲ. ಎರೆಮಣ್ಣಿನ ಹೊಲದಿಂದ ಬಾಳೆಗೊನೆ ತುಂಬಿಕೊಂಡು ಮಳೆಗಾಲದಲ್ಲಿ ರಸ್ತೆಗೆ ಬರುವುದೇ ನಮ್ಮ ದಿನದ ಪಾಡು. ಅವರಿಗೆ ಪಂದ್ಯ, ನಮಗೆ ಬದುಕು. ಇಬ್ಬರ ಅಳತೆಗೋಲು ಒಂದೇ ಆಗುವುದು ಹೇಗೆ?

ಹಾಗಾದರೆ ನಮ್ಮ ಅಳತೆಯಲ್ಲಿ ಅಳೆಯೋಣ.

ಸಾವಿರದ ಇಪ್ಪತ್ತೈದು ಹೆಚ್.ಪಿ. ಅಂದರೆ ಎಷ್ಟು? ನಿಮ್ಮ ಹೊಲದ ಪಂಪ್‌ಸೆಟ್ಟು 5 ಹೆಚ್.ಪಿ. ಎಂದುಕೊಳ್ಳಿ. ಅಂಥ 205 ಪಂಪ್‌ಸೆಟ್ಟಿನ ಶಕ್ತಿ ಒಂದೇ ಗಾಡಿಯಲ್ಲಿ. 205 ಪಂಪು ಎಂದರೆ ಒಂದು ಊರಿನ ನೀರಾವರಿ. ಅದನ್ನು ಒಬ್ಬ ಮನುಷ್ಯ ಎರಡೂವರೆ ಸೆಕೆಂಡಿನ ಖುಷಿಗೆ ಕಟ್ಟಿಕೊಂಡಿದ್ದಾನೆ. ಅದರ ಬ್ಯಾಟರಿ ತುಂಬಲು ಸುಮಾರು 140 ಯೂನಿಟ್ ಕರೆಂಟು ಬೇಕು. 5 ಹೆಚ್.ಪಿ. ಪಂಪು ಗಂಟೆಗೆ ನಾಲ್ಕೂವರೆ ಯೂನಿಟ್ ತಿನ್ನುತ್ತದೆ ಎಂದು ಹಿಡಿದರೆ, ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಸಿಕ್ಕಿದರೂ ಆ 140 ಯೂನಿಟ್ಟಿನಲ್ಲಿ ನಿಮ್ಮ ಪಂಪು ನಾಲ್ಕು ದಿನಕ್ಕಿಂತ ಹೆಚ್ಚು ಓಡುತ್ತದೆ. ನನ್ನ ಮನೆಯಲ್ಲಿ ಎರಡು ತಿಂಗಳಿಗೆ ಅಷ್ಟು ಉರಿಯುವುದಿಲ್ಲ.

ಇನ್ನು ಹೊರೆ. ಆ ಗಾಡಿಯ ಸ್ವಂತ ತೂಕವೇ ಮೂರು ಟನ್ನಿಗಿಂತ ಹೆಚ್ಚು. ಅದರ ಮೇಲೆ ಹೇರಬಹುದಾದದ್ದು ಒಂದು ಟನ್ನಿಗಿಂತ ಕಡಮೆ. ನಮ್ಮ ತೆರಕಣಾಂಬಿ ತರಕಾರಿ ಮಾರುಕಟ್ಟೆಗೆ ದಿನವೂ ಬರುವ ಬೊಲೆರೊ ಪಿಕಪ್ಪು ಎಪ್ಪತ್ತು ಎಂಬತ್ತು ಹೆಚ್.ಪಿ.ಯಲ್ಲಿ ಒಂದೂಕಾಲು ಟನ್ನಿನಿಂದ ಒಂದೂವರೆ ಟನ್ನಿನ ಮೇಲೂ ಹೊರುತ್ತದೆ. ಇನ್ನೊಂದು ನೋಡಿ. ಅಮೆರಿಕದಲ್ಲಿ ಹಮ್ಮರ್ ಎಂಬ ಕರೆಂಟು ಪಿಕಪ್ ಇದೆ. ಸಾವಿರ ಹೆಚ್.ಪಿ., ತೂಕ ನಾಲ್ಕು ಟನ್ನಿನ ಮೇಲೆ. ಅದರ ಮೊದಲ ಮಾದರಿ ಹೊರುತ್ತಿದ್ದದ್ದು ಸುಮಾರು 600 ಕೆ.ಜಿ. ನಮ್ಮ ದೇಶದ ಟಾಟಾ ಏಸ್ ಕರೆಂಟು ಗಾಡಿ 2022ರಲ್ಲಿ ಬಂದಾಗ ಅದರ ಶಕ್ತಿ 36 ಹೆಚ್.ಪಿ. ಹೊರುತ್ತಿದ್ದದ್ದು ಅದೇ 600 ಕೆ.ಜಿ. ಹೇಳಿ, ಸಾವಿರ ಹೆಚ್.ಪಿ. ಹೊತ್ತ ಹೊರೆಯನ್ನೇ ಮೂವತ್ತಾರು ಹೆಚ್.ಪಿ. ಹೊತ್ತರೆ ಮಿಕ್ಕ ಒಂಬೈನೂರ ಚಿಲ್ಲರೆ ಕುದುರೆ ಏನು ಮಾಡುತ್ತಿವೆ? ಗಾಡಿಯ ಸ್ವಂತ ಭಾರವನ್ನೂ ಯಜಮಾನನ ಜಂಬವನ್ನೂ ಹೊರುತ್ತಿವೆ.

ವೇಗದ ಮಾತಿಗೆ ಗುಂಡ್ಲುಪೇಟೆ ಕಡೆಯ ಬಂಧುಗಳೇ ಸಾಕ್ಷಿ. 2009ರಿಂದ ಬಂಡೀಪುರದ ಕಾಡುರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ತಡೆ ಇದೆ. ಕಾಡುಪ್ರಾಣಿಗಳಿಗಾಗಿ ಮಾಡಿದ ನಿಯಮ ಅದು, ಅದರ ಸರಿತಪ್ಪು ಇಲ್ಲಿ ಬೇಡ. ಆದರೆ ಗೇಟು ಬಿದ್ದ ಮೇಲೆ ವೈನಾಡಿಗೆ ತರಕಾರಿ ಒಯ್ಯುವ ಗಾಡಿ ಸಾವಿರ ಹೆಚ್.ಪಿ.ಯದಾದರೂ ಒಂದೇ, ಎಪ್ಪತ್ತರದಾದರೂ ಒಂದೇ. ನಮ್ಮ ಟೊಮೆಟೊ ಕೊಳೆಯುವುದು ಗಾಡಿಗೆ ವೇಗ ಸಾಲದೆ ಅಲ್ಲ. ಇಡಲು ತಂಪಿನ ಗೋದಾಮು ಇಲ್ಲದೆ, ಮಂಡಿಯಲ್ಲಿ ಕೇಳುವವರಿಲ್ಲದೆ.

ಈಗ ಬೆಲೆಗೆ ಬನ್ನಿ. ಆ ನಾಲ್ಕು ಮೋಟಾರಿನ ಗಾಡಿಯ ಬೆಲೆ 2025ರಲ್ಲಿ ಬಂದಾಗ ಅಮೆರಿಕದಲ್ಲೇ 1,15,990 ಡಾಲರಿನಿಂದ ಆರಂಭವಾಗಿತ್ತು. ಡಾಲರಿಗೆ 86 ರೂ. ಲೆಕ್ಕ ಹಿಡಿದರೂ ಹತ್ತಿರ ಹತ್ತಿರ ಒಂದು ಕೋಟಿ. ಟೊಮೆಟೊಗೆ ಕೆ.ಜಿ.ಗೆ 5 ರೂ. ಸಿಕ್ಕುವ ದಿನಗಳನ್ನು ನಾವೆಲ್ಲ ನೋಡಿದ್ದೇವೆ. ಆ ಬೆಲೆಯಲ್ಲಿ ಒಂದು ಕೋಟಿಗೆ 20 ಲಕ್ಷ ಕೆ.ಜಿ. ಟೊಮೆಟೊ ಬೇಕು. 25 ಕೆ.ಜಿ. ಕ್ರೇಟಿನ ಲೆಕ್ಕದಲ್ಲಿ 80 ಸಾವಿರ ಕ್ರೇಟು. ಅದರಲ್ಲಿ ನಿಮ್ಮ ಗೊಬ್ಬರ, ಔಷಧಿ, ಕೂಲಿ, ಕಡ್ಡಿ, ದಾರ, ದಲಾಲಿ ಯಾವುದನ್ನೂ ಕಳೆದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಬೆಲೆ ಕಟ್ಟುವವರು ಯಾರು ಎಂಬುದು. ಟೆಸ್ಲಾ ಕಂಪನಿ ತನ್ನ ಸೈಬರ್‌ಟ್ರಕ್ ಎಂಬ ಕರೆಂಟು ಪಿಕಪ್ಪನ್ನು 2019ರ ನವೆಂಬರಿನಲ್ಲಿ ತೋರಿಸಿ, 39,900 ಡಾಲರಿನಿಂದ ಕೊಡುತ್ತೇವೆ ಎಂದಿತು. ಜನ ಮುಂಗಡ ಕಟ್ಟಿ ನಾಲ್ಕು ವರ್ಷ ಕಾದರು. 2023ರ ನವೆಂಬರಿನಲ್ಲಿ ಗಾಡಿ ಕೈಗೆ ಕೊಡತೊಡಗಿದಾಗ ಆರಂಭದ ಬೆಲೆ 60,990 ಡಾಲರು. ಒಂದೂವರೆಪಟ್ಟು! ಖರ್ಚು ಹೆಚ್ಚಾಯಿತು, ಬೆಲೆ ಏರಿಸಿದೆ ಎಂದು ಕಂಪನಿ ಧೈರ್ಯವಾಗಿ ಹೇಳಬಹುದು. ಅದೇ ನಾಲ್ಕು ವರ್ಷದಲ್ಲಿ ನಮ್ಮ ಗೊಬ್ಬರ, ಕೂಲಿ, ಡೀಸೆಲ್ ಏರಲಿಲ್ಲವೆ? ‘ನನ್ನ ಖರ್ಚು ಏರಿದೆ, ಈರುಳ್ಳಿ ಬೆಲೆ ಒಂದೂವರೆಪಟ್ಟು’ ಎಂದು ಮಂಡಿಯಲ್ಲಿ ನಿಂತು ಹೇಳಿ ನೋಡಿ. ನಿಮ್ಮ ಮೂಟೆ ಅಲ್ಲೇ ಮೊಳಕೆ ಬರುತ್ತದೆ. ಗಾಡಿ ಮಾರುವವನು ತನ್ನ ಬೆಲೆ ತಾನೇ ಹೇಳುತ್ತಾನೆ. ಆ ಗಾಡಿಗೆ ಹೇರುವ ಮಾಲು ಬೆಳೆದವನು ‘ಎಷ್ಟು ಕೊಡುತ್ತೀರಿ ಸ್ವಾಮಿ’ ಎಂದು ಕೇಳುತ್ತಾನೆ. ಈ ಅನ್ಯಾಯ ಇರುವತನಕ, ಏರುವ ಬೆಲೆಯ ಗಾಡಿಯನ್ನು ಇಳಿಯುವ ಬೆಲೆಯ ಬೆಳೆಯಿಂದ ತೀರಿಸುತ್ತೇನೆ ಎಂದು ಸಹಿ ಹಾಕುವವನು ತನ್ನ ಹೊಲವನ್ನೇ ಪಣಕ್ಕೆ ಇಡುತ್ತಿದ್ದಾನೆ.

ದೊಡ್ಡ ಕಂಪನಿಗಳಿಗೇ ಈ ಜೂಜು ದಕ್ಕುತ್ತಿಲ್ಲ ಎಂಬುದನ್ನೂ ನೋಡಿ. ಫೋರ್ಡ್ ಕಂಪನಿ 2022ರಲ್ಲಿ ಲೈಟ್ನಿಂಗ್ ಎಂಬ ಕರೆಂಟು ಪಿಕಪ್ ಬಿಟ್ಟಿತು. 2025ರ ಡಿಸೆಂಬರಿನಲ್ಲಿ, ಪೂರ್ತಿ ಕರೆಂಟಿನ ಆ ಮಾದರಿಯನ್ನು ನಿಲ್ಲಿಸುವುದಾಗಿ ಸಾರಿತು. ಕಂಪನಿ ನಷ್ಟ ಬರೆದುಕೊಂಡು ಬೇರೆ ಗಾಡಿ ಮಾಡುತ್ತದೆ. ರೈತ ನಷ್ಟ ಬರೆದುಕೊಳ್ಳುವುದು ಪಹಣಿಯ ಸಾಲದ ಕಲಮಿನಲ್ಲಿ.

ನಾನು ಪುಸ್ತಕ ಓದಿ ಹೀಗೆ ಹೇಳುತ್ತಿಲ್ಲ. 1980ರ ದಶಕದಲ್ಲಿ ನಮ್ಮ ಕಡೆ ಹೀಗೆಯೇ ಒಂದು ಹುಚ್ಚು ಬಂದಿತ್ತು, ಟ್ರಾಕ್ಟರಿನದು. ಆಗಲೂ ಹೆಚ್.ಪಿ. ಮಾತೇ. ಪಕ್ಕದ ಊರಿನವರು 25 ಹೆಚ್.ಪಿ. ತಂದರು ಎಂದು ನನ್ನ ದೊಡ್ಡಪ್ಪ 35 ಹೆಚ್.ಪಿ. ತಂದರು. ಮೂರು ಎಕರೆ ಅಡವು. ಟ್ರಾಕ್ಟರು ಬಂದ ದಿನ ಹೂವಿನ ಹಾರ ಹಾಕಿ, ನಿಂಬೆಹಣ್ಣು ಇಟ್ಟು ಊರು ಸುತ್ತಿಸಿದ್ದರು. ನಾನೂ ಮಡ್‌ಗಾರ್ಡ್ ಮೇಲೆ ಕೂತಿದ್ದೆ. ಮೊದಲ ಎರಡು ವರ್ಷ ಬೇರೆಯವರ ಹೊಲ ಉತ್ತ ಬಾಡಿಗೆಯಲ್ಲಿ ಕಂತು ಕಟ್ಟಿದರು. ಆಮೇಲೆ ಮಳೆ ಕೈಕೊಟ್ಟಿತು. ಉಳುವವರೇ ಇಲ್ಲದ ಮೇಲೆ ಬಾಡಿಗೆ ಎಲ್ಲಿಂದ? ಕಂತು ಮಾತ್ರ ಮಳೆ ನೋಡಿಕೊಂಡು ಬರಲಿಲ್ಲ, ತಾರೀಕು ನೋಡಿಕೊಂಡು ಬಂತು. 1987ರಲ್ಲಿ, ನಾನು ಹೈಸ್ಕೂಲು ಮುಗಿಸಿದ ವರ್ಷ, ಜೀಪು ಬಂದು ಟ್ರಾಕ್ಟರು ಎಳೆದುಕೊಂಡು ಹೋದರು. ಟ್ರಾಕ್ಟರು ಹೋಯಿತು, ಸಾಲ ಹೋಗಲಿಲ್ಲ. ಹರಾಜಿನ ದುಡ್ಡು ಬಡ್ಡಿಗೆ ಸರಿಹೋಯಿತು. ಒಂದೂವರೆ ಎಕರೆ ಮಾರಿ ಅಸಲು ತೀರಿಸಿದರು. ದೊಡ್ಡಪ್ಪ ಆ ಮೇಲೆ ಆ ಹೊಲದ ಬದುವಿನ ಮೇಲೆ ನಡೆಯಲಿಲ್ಲ. ಸುತ್ತು ಹಾಕಿಕೊಂಡು ಹೋಗುತ್ತಿದ್ದರು.

1980ರಲ್ಲಿ ರೈತ ಸಂಘ ಹುಟ್ಟಿ, ಅನುಮತಿ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಎಂಬ ಬೋರ್ಡುಗಳು ಊರೂರಲ್ಲಿ ಎದ್ದದ್ದು ಇಂಥ ಜಪ್ತಿಗಳ ನೋವಿನಿಂದಲೇ. ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ ಎಂದು ನಾವು ಕೂಗಿದೆವು. ಈಗಲೂ ಕೂಗುತ್ತೇವೆ. ಯಾಕೆಂದರೆ ನಮ್ಮ ಬೆಳೆಗೆ ವೈಜ್ಞಾನಿಕ ಬೆಲೆ ಕೊಡದೆ ಉಳಿಸಿಕೊಂಡ ಬಾಕಿ ಅದು. ಆದರೆ ಬಂಧುಗಳೇ, ಬೆಳೆಗಾಗಿ ಮಾಡಿದ ಸಾಲಕ್ಕೆ ನಾವು ಎದೆ ಕೊಟ್ಟು ಆ ಮಾತು ಹೇಳಬಹುದು. ಜಂಬಕ್ಕೆ ಮಾಡಿದ ಸಾಲಕ್ಕೆ ಯಾವ ಬಾಯಲ್ಲಿ ಹೇಳುವುದು? ನಮ್ಮ ಮಾತಿನ ತೂಕ ನಾವೇ ಕಳೆದುಕೊಳ್ಳಬಾರದು.

ಹಾಗಾದರೆ ಕರೆಂಟು ಗಾಡಿಯೇ ಬೇಡವೆ? ಖಂಡಿತ ಬೇಕು. ಇಲ್ಲಿ ನಮ್ಮ ಹಿರಿಯರೊಡನೆಯೂ ನನ್ನ ಜಗಳ ಇದೆ. ‘ಬ್ಯಾಟರಿ ಗಾಡಿ ಪ್ಯಾಟೆಯವರದು, ನಮಗೆ ಆಗಬರಲ್ಲ’ ಎನ್ನುವವರೂ ತಪ್ಪು. ಕರೆಂಟು ಗಾಡಿ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ಪುಟ್ಟ ಕಾರು 2001ರಲ್ಲೇ ರಸ್ತೆಗೆ ಬಂದಿತ್ತು. ಬೆಂಗಳೂರಿನದೇ ಪ್ರವೈಗ್ ಕಂಪನಿ 2023ರ ಜನವರಿಯಲ್ಲಿ ಸೇನೆಯ ಬಳಕೆಗೆಂದು ‘ವೀರ್’ ಎಂಬ, ಕಾಡುಮೇಡು ಹತ್ತುವ ಕರೆಂಟು ಗಾಡಿಯನ್ನು ದೆಹಲಿ ಬಳಿಯ ವಾಹನ ಮೇಳದಲ್ಲಿ ತೋರಿಸಿತು. ಪೇಟೆಯವರಿಗೆ ಕಾರು ಮಾಡಲು ಬರುತ್ತದೆ, ಸೇನೆಗೆ ಜೀಪು ಮಾಡಲು ಬರುತ್ತದೆ. ಒಂದೂವರೆ ಟನ್ನು ಬಾಳೆಗೊನೆ ಹೇರಿಕೊಂಡು ಹೊಲದ ಓಣಿಯಿಂದ ಮೇಲೆ ಬರುವ, ರೈತನ ಕೈಗೆಟುಕುವ ಗಾಡಿ ಮಾಡಲು ಮಾತ್ರ ಯಾಕೆ ಮನಸ್ಸು ಬರುವುದಿಲ್ಲ? ನಮ್ಮ ಜಗಳ ಇರಬೇಕಾದದ್ದು ಇಲ್ಲಿ.

ಲೆಕ್ಕ ಹಾಕೋಣ. ನೀವೂ ಪೆನ್ಸಿಲ್ ತೆಗೆದುಕೊಳ್ಳಿ. ಏಸ್ ಕರೆಂಟು ಗಾಡಿಯ ಬ್ಯಾಟರಿ 21.3 ಯೂನಿಟ್ಟಿನದು. ಕಂಪನಿ 154 ಕಿಲೋಮೀಟರ್ ಎಂದು ಹೇಳಿತು. ನಾವು ಹೊರೆ, ಏರು, ಗುಂಡಿ ಎಲ್ಲ ಸೇರಿಸಿ 100 ಕಿಲೋಮೀಟರ್ ಮಾತ್ರ ಎಂದು ಹಿಡಿಯೋಣ. ಯೂನಿಟ್ಟಿಗೆ 8 ರೂ. ಇಟ್ಟು, ಚಾರ್ಜು ಮಾಡುವಾಗ ಸೋರುವ ಕರೆಂಟನ್ನೂ ಸೇರಿಸಿದರೆ ಕಿಲೋಮೀಟರಿಗೆ ಸುಮಾರು 2 ರೂ. ಅಂಥದೇ ಡೀಸೆಲ್ ಗಾಡಿ ಲೀಟರಿಗೆ 18 ಕಿಲೋಮೀಟರ್ ಕೊಟ್ಟು ಡೀಸೆಲ್ 90 ರೂ. ಇದ್ದರೆ ಕಿಲೋಮೀಟರಿಗೆ 5 ರೂ. ಅಂದರೆ ಕಿಲೋಮೀಟರಿಗೆ 3 ರೂ. ಉಳಿತಾಯ. ಸಣ್ಣದಲ್ಲ.

ಆದರೆ ಈ ಉಳಿತಾಯ ಗಾಡಿ ಓಡಿದರೆ ಮಾತ್ರ. ಒಬ್ಬನೇ ರೈತ, ತಿಂಗಳಿಗೆ ಎಂಟು ಸಲ, ಹೋಗಿ ಬರಲು 60 ಕಿಲೋಮೀಟರ್ ಓಡಿಸಿದ ಎನ್ನಿ. 480 ಕಿಲೋಮೀಟರಿಗೆ ಉಳಿದದ್ದು 1,440 ರೂ. ಕರೆಂಟು ಗಾಡಿಗೆ ಡೀಸೆಲ್ ಗಾಡಿಗಿಂತ 4 ಲಕ್ಷ ಹೆಚ್ಚು ಕೊಟ್ಟಿದ್ದರೆ ಆ ಹಣ ವಾಪಸು ಬರಲು 23 ವರ್ಷ ಬೇಕು. ಅಷ್ಟರಲ್ಲಿ ಬ್ಯಾಟರಿಯೂ ಇರುವುದಿಲ್ಲ, ಗಾಡಿಯೂ ಇರುವುದಿಲ್ಲ. ಅದೇ ಗಾಡಿಯನ್ನು ಊರಿನ ಹತ್ತು ಜನ ಸೇರಿ ತಿಂಗಳಿಗೆ 25 ದಿನ ಓಡಿಸಿದರೆ? 1,500 ಕಿಲೋಮೀಟರ್, 4,500 ರೂ. ಉಳಿತಾಯ, ಏಳೂವರೆ ವರ್ಷದೊಳಗೆ ಹಣ ವಾಪಸು. ದಿನಕ್ಕೆ ಎರಡು ಸಲ ಓಡಿಸಿದರೆ ನಾಲ್ಕೇ ವರ್ಷ. ಇದರ ಅರ್ಥ ಏನು? ಕರೆಂಟು ಗಾಡಿ ಒಂಟಿ ರೈತನ ಮನೆ ಮುಂದೆ ನಿಲ್ಲಿಸುವ ಸಾಮಾನಲ್ಲ. ಊರು ಸೇರಿ ದುಡಿಸಿಕೊಳ್ಳುವ ಎತ್ತು ಅದು.

ಇನ್ನೊಂದು ಎಚ್ಚರಿಕೆ. ‘ಮನೇಲಿ ಕರೆಂಟು ಫ್ರೀ ಅಲ್ವಾ, ರಾತ್ರಿ ಸಿಗಿಸಿ ಮಲಗಿದರಾಯ್ತು’ ಎನ್ನುವ ಹುಡುಗರಿದ್ದಾರೆ. 2023ರಲ್ಲಿ ಬಂದ ಗೃಹಜ್ಯೋತಿಯ ನಿಯಮ ಓದಿ. ಮನೆಯ ಹಿಂದಿನ ಸರಾಸರಿ ಬಳಕೆ, ಅದರ ಮೇಲೆ ಸ್ವಲ್ಪ, ಅಷ್ಟಕ್ಕೆ ಮಾತ್ರ ಉಚಿತ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ದಿನಕ್ಕೆ 21 ಯೂನಿಟ್ಟಿನಂತೆ 25 ದಿನಕ್ಕೆ 525 ಯೂನಿಟ್ ಆಗುತ್ತದೆ. ಗಾಡಿಯ ಕರೆಂಟಿಗೂ ದುಡ್ಡು, ಮನೆಯ ಕರೆಂಟಿಗೂ ದುಡ್ಡು.

ಈಗ ಸರ್ಕಾರಗಳನ್ನು ಕೇಳೋಣ. 2023-24ರ ರಾಜ್ಯ ಬಜೆಟ್ಟಿನಲ್ಲಿ ಗುಡ್ಡಗಾಡು ಪ್ರದೇಶದ ರೈತರು ಪಿಕಪ್ ವ್ಯಾನು ಕೊಳ್ಳಲು ಶೇ. 4ರ ಬಡ್ಡಿಯಲ್ಲಿ 7 ಲಕ್ಷದವರೆಗೆ ಸಾಲ ಎಂದು ಹೇಳಿದರು. ಒಳ್ಳೆಯ ಮಾತು. ಶೇ. 11ರ ಫೈನಾನ್ಸ್ ಸಾಲಕ್ಕೂ ಇದಕ್ಕೂ ಐದು ವರ್ಷದಲ್ಲಿ ಬೀಳುವ ವ್ಯತ್ಯಾಸ ಸುಮಾರು 1 ಲಕ್ಷ 40 ಸಾವಿರ. ಆದರೆ ಗುಡ್ಡದ ಮೇಲಿನ ರೈತನ ಮಾಲು ಮಾತ್ರ ಮಂಡಿಗೆ ಹೋಗಬೇಕೆ? ಬಯಲುಸೀಮೆಯ ಮಾಲು ತಾನೇ ನಡೆದುಕೊಂಡು ಹೋಗುತ್ತದೆಯೆ? ಆ ಸಾಲ ಎಲ್ಲ ರೈತರಿಗೂ ಬೇಕು, ನಮ್ಮ ಊರಿನ ಕೃಷಿ ಪತ್ತಿನ ಸಹಕಾರ ಸಂಘದ ಮೂಲಕವೇ ಸಿಗಬೇಕು, ಹತ್ತು ಜನ ಸೇರಿ ಕೊಂಡರೆ ಮೊದಲ ಆದ್ಯತೆ ಕೊಡಬೇಕು. ಕರೆಂಟು ಗಾಡಿಯ ಬೆಲೆ ಹೆಚ್ಚಾದ್ದರಿಂದ ಸಾಲದ ಮಿತಿಯನ್ನೂ ಏರಿಸಬೇಕು.

ಕೇಂದ್ರದವರು 2024ರ ಅಕ್ಟೋಬರಿನಿಂದ ಪಿ.ಎಂ. ಇ-ಡ್ರೈವ್ ಎಂಬ ಯೋಜನೆ ತಂದರು. ಕರೆಂಟಿನ ಬಸ್ಸು, ಮೂರು ಚಕ್ರದ ಗಾಡಿಗೆಲ್ಲ ಅದರಲ್ಲಿ ಸಹಾಯಧನ ಇಟ್ಟರು. 2025ರ ಜುಲೈಯಲ್ಲಿ ಲಾರಿಗಳಿಗೆ ಸಹಾಯಧನದ ನಿಯಮ ಬಂದಾಗ ಅದು ಮೂರೂವರೆ ಟನ್ನಿಗಿಂತ ಹೆಚ್ಚು ಒಟ್ಟು ತೂಕದ ದೊಡ್ಡ ಲಾರಿಗಳಿಗೆ ಎಂದಾಯಿತು. ರೈತ ಬಳಸುವ ನಾಲ್ಕು ಚಕ್ರದ ಸಣ್ಣ ಗಾಡಿ ನಡುವಿನಲ್ಲಿ ಬಿದ್ದುಹೋಯಿತು. ಸಿಮೆಂಟ್ ಹೊರುವ ಲಾರಿಗೆ ಕೊಡುವವರು ಅನ್ನ ಹೊರುವ ಗಾಡಿಗೆ ಯಾಕೆ ಕೊಡಬಾರದು?

ತೆರಿಗೆಯದೂ ಇದೇ ಕಥೆ. 2025ರ ಸೆಪ್ಟೆಂಬರಿನಲ್ಲಿ ಜಿ.ಎಸ್.ಟಿ. ಬದಲಾಯಿಸಿದಾಗ ಟ್ರಾಕ್ಟರನ್ನು ಶೇ. 12ರಿಂದ ಶೇ. 5ಕ್ಕೆ ಇಳಿಸಿದರು. ಸಂತೋಷ. ಆದರೆ ಕರೆಂಟು ಗಾಡಿಗೆ ಬೆಲೆ ಎಷ್ಟೇ ಇರಲಿ ಅದೇ ಶೇ. 5 ಎಂದು ಉಳಿಸಿಕೊಂಡರು. ಕೋಟಿ ರೂಪಾಯಿಯ ಕರೆಂಟು ಕಾರಿಗೂ ರೈತನ ಟ್ರಾಕ್ಟರಿಗೂ ಒಂದೇ ತೆರಿಗೆ! ಅದೇ ಹೊತ್ತಿಗೆ ನಾವು ತರಕಾರಿ ಹೇರುವ ಡೀಸೆಲ್ ಪಿಕಪ್ಪಿಗೆ ಶೇ. 28 ಇದ್ದದ್ದನ್ನು ಇಳಿಸಿಯೂ ಶೇ. 18. ಹೊಗೆಯ ಪಾಪ ಎಲ್ಲ ನಮ್ಮ ತಲೆಗೇ ಕಟ್ಟಿದ ಹಾಗಾಯಿತು.

ಇನ್ನೂ ಎರಡು ಬೇಡಿಕೆ. ಚಾರ್ಜು ಮಾಡುವ ಜಾಗ ಹೆದ್ದಾರಿಯ ಹೋಟೆಲುಗಳಲ್ಲಿ ಬಂದರೆ ಪೇಟೆಯವರಿಗೆ ಅನುಕೂಲ. ನಮಗೆ ಬೇಕಾದದ್ದು ಚಾಮರಾಜನಗರ, ಗುಂಡ್ಲುಪೇಟೆಯ ಎ.ಪಿ.ಎಂ.ಸಿ. ಅಂಗಳದಲ್ಲಿ, ತೆರಕಣಾಂಬಿ ಮಾರುಕಟ್ಟೆಯಲ್ಲಿ, ಕುದೇರಿನ ಹಾಲಿನ ಡೇರಿಯಲ್ಲಿ. ಮಾಲು ಇಳಿಸಿ ಹರಾಜು ಮುಗಿಯುವ ಹೊತ್ತಿಗೆ ಗಾಡಿ ಚಾರ್ಜಾಗಿರಬೇಕು. ಮತ್ತೊಂದು, ಕಂಪನಿಯವರು ಖಾಲಿ ಗಾಡಿ ನುಣುಪು ರಸ್ತೆಯಲ್ಲಿ ಓಡಿಸಿದ ಲೆಕ್ಕ ಹೇಳಬಾರದು. ಪೂರ್ತಿ ಹೊರೆ ಹೇರಿ, ನಮ್ಮ ಓಣಿಯಲ್ಲಿ, ನಮ್ಮ ಎದುರಿಗೆ ಓಡಿಸಿ ತೋರಿಸಲಿ. ಎಂಟು ವರ್ಷದ ಮೇಲೆ ಬ್ಯಾಟರಿ ಬದಲಿಸಲು ಎಷ್ಟಾಗುತ್ತದೆ ಎಂಬುದನ್ನು ಇಂದೇ ಬರೆದು ಸಹಿ ಹಾಕಿ ಕೊಡಲಿ. ಸಾಲದ ಪತ್ರಕ್ಕೆ ನಮ್ಮ ಸಹಿ ಬೇಕಾದರೆ ಖಾತರಿ ಪತ್ರಕ್ಕೆ ಅವರ ಸಹಿ ಬೇಡವೆ?

ನಮ್ಮ ಉಮ್ಮತ್ತೂರಿಗೆ ಒಂದು ಕಾಲದಲ್ಲಿ ಅರಸರಿದ್ದರು. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸತರಲ್ಲಿ ದಂಡೆತ್ತಿ ಬಂದು ಉಮ್ಮತ್ತೂರಿನ ಗಂಗರಾಜನನ್ನು ಸೋಲಿಸಿದ. ವಿಜಯನಗರದವರು ಸಮುದ್ರದಾಚೆಯಿಂದ ಹಡಗಿನಲ್ಲಿ ಬಂದ ಕುದುರೆಗಳನ್ನು ಪೋರ್ಚುಗೀಸರಿಂದ ಚಿನ್ನ ಸುರಿದು ಕೊಳ್ಳುತ್ತಿದ್ದರು. ಅರಸರು ಗೆದ್ದರು, ಅರಸರು ಸೋತರು. ಆ ಪರದೇಶದ ಕುದುರೆಯ ಬೆಲೆ ಎರಡೂ ಕಡೆ ಕೊನೆಗೆ ಬಂದದ್ದು ಕಂದಾಯ ಕಟ್ಟುವ ಒಕ್ಕಲಿನ ಕಣಜದಿಂದ. ಐನೂರು ವರ್ಷ ಆಯಿತು. ಈಗ ಕುದುರೆ ಬ್ಯಾಟರಿಯೊಳಗೆ ಬಂದಿದೆ. ಆಗ ನಮ್ಮನ್ನು ಕೇಳದೆ ಕಿತ್ತುಕೊಂಡರು. ಈಗ ನಮ್ಮ ಕೈಯಿಂದಲೇ ಸಹಿ ಹಾಕಿಸಿಕೊಳ್ಳುತ್ತಾರೆ. ಅಷ್ಟೇ ವ್ಯತ್ಯಾಸ.

ಮೊನ್ನೆ ರಾತ್ರಿ ತಮ್ಮನ ಮಗನನ್ನು ಜಗುಲಿಯ ಮೇಲೆ ಕೂರಿಸಿಕೊಂಡು ಈ ಲೆಕ್ಕವನ್ನೆಲ್ಲ ಬರೆದು ತೋರಿಸಿದೆ. ದೊಡ್ಡಪ್ಪನ ಒಂದೂವರೆ ಎಕರೆಯ ಕಥೆಯನ್ನೂ ಹೇಳಿದೆ. ಆ ಹೊಲ ಅವನು ದಿನಾ ದಾಟಿ ಹೋಗುವ ದಾರಿಯಲ್ಲೇ ಇದೆ, ಅದು ನಮ್ಮದಾಗಿತ್ತು ಎಂದು ಅವನಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಹಂಗಾರೆ ಹತ್ತು ಜನ ಸೇರಿ ಸಣ್ಣದೊಂದ ತಗದ್ರೆ ಆದದಾ ದೊಡ್ಡಪ್ಪ?’ ಅಂದ. ‘ಆದದೋ ಇಲ್ವೋ ಸೊಸೈಟಿಗೆ ಹೋಗಿ ಕೇಳವ, ಬಾ’ ಅಂದೆ. ಫೈನಾನ್ಸಿನ ಅರ್ಜಿ ಇನ್ನೂ ಅವನ ಪೆಟ್ಟಿಗೆಯಲ್ಲೇ ಇದೆ. ಹರಿದಿಲ್ಲ, ಸಹಿಯೂ ಹಾಕಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಹುಡುಗ ಇದ್ದಾನೆ, ಇಂಥ ಅರ್ಜಿ ಇದೆ. ಬಯ್ಯಬೇಡಿ. ಬಯ್ದರೆ ಹಟಕ್ಕೆ ಸಹಿ ಹಾಕುತ್ತಾನೆ. ಹತ್ತಿರ ಕೂರಿಸಿಕೊಂಡು ಲೆಕ್ಕ ಬರೆಯಿರಿ. ಎಷ್ಟು ಮೂಟೆ, ಎಷ್ಟು ಕಿಲೋಮೀಟರ್, ಎಷ್ಟು ಕಂತು, ಬೆಳೆ ಕೈಕೊಟ್ಟ ವರ್ಷ ಆ ಕಂತು ಎಲ್ಲಿಂದ? ಈ ನಾಲ್ಕಕ್ಕೂ ಉತ್ತರ ಬಂದರೆ ಗಾಡಿ ತನ್ನಿ, ಹಾರ ಹಾಕಲು ನಾನೂ ಬರುತ್ತೇನೆ. ಬರದಿದ್ದರೆ ಪಹಣಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಮುಂದಿನ ಸಭೆಗೆ ಬನ್ನಿ. ಬೆಳೆಗೆ ಬೆಲೆ ಕೇಳುವ ಕೆಲಸ ಇನ್ನೂ ಬಾಕಿ ಇದೆ.